ಬಾಡಿಗೆ ಮನೆಯ ಓನರ್ ನಿಜವಾಗಿ ಕೊಡುವುದೇನು?

ಮನೆ ಬಾಡಿಗೆಗೆ ಕೊಡುವವರಿಂದ ಸಮಾಜಕ್ಕೆ ಏನಾದರೂ ಪ್ರಯೋಜನ ಇದೆಯಾ, ಇಲ್ಲ ಬರೀ ಕೂತು ಉಣ್ಣುವವರಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ‘ಓನರ್’ ಅನ್ನುವ ಒಂದೇ ಹೆಸರಿನಲ್ಲಿ ಮೂರು ಜನ ಅಡಗಿದ್ದಾರೆ: ಮನೆ ಕಟ್ಟಿಸಿದವನು, ಅದನ್ನು ನೋಡಿಕೊಳ್ಳುವವನು, ಜಾಗ ಹಿಡಿದು ಕೂತವನು. ಮೊದಲಿಬ್ಬರಿಂದ ಪ್ರಯೋಜನ ಉಂಟು, ಮೂರನೆಯವನಿಂದ ಇಲ್ಲ. ತೊಡಕೇನೆಂದರೆ ಸಾಮಾನ್ಯವಾಗಿ ಮೂವರೂ ಒಬ್ಬನೇ ಆಗಿರುತ್ತಾನೆ. ಹಾಗಾಗಿ ಲೆಕ್ಕ ಬಿಡಿಸಿ ನೋಡಬೇಕು.

ಬೆಂಗಳೂರಿನ ಹೊರವಲಯದ ಒಂದು 30x40 ಸೈಟು ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ, ನಿಮ್ಮ ಏರಿಯಾದ ದರ ಹಾಕಿಕೊಂಡು ನೋಡಿ. ಚದರಡಿಗೆ 10,000 ರೂಪಾಯಿಯಂತೆ 1,200 ಚದರಡಿ ಜಾಗಕ್ಕೆ 1.2 ಕೋಟಿ. ಅದರ ಮೇಲೆ ಮೂರು ಅಂತಸ್ತು, ಒಂದೊಂದು 800 ಚದರಡಿ, ಸಂಪು, ಮೀಟರು ಎಲ್ಲ ಸೇರಿ ಕಟ್ಟಡಕ್ಕೆ 55 ಲಕ್ಷ. ಮೂರು ಮನೆ, ತಿಂಗಳಿಗೆ 22,000ದಂತೆ ವರ್ಷಕ್ಕೆ 7.92 ಲಕ್ಷ. ಒಂದು ಮನೆ ಒಂದು ತಿಂಗಳು ಖಾಲಿ ಬಿದ್ದರೆ 7.7 ಲಕ್ಷ ಉಳಿಯಿತು. ಈಗ ಖರ್ಚು. 55 ಲಕ್ಷಕ್ಕೆ ಶೇ 9ರ ಬಡ್ಡಿ 4.95 ಲಕ್ಷ. ಕಟ್ಟಡದ ಆಯಸ್ಸು 50 ವರ್ಷ ಅಂತಿಟ್ಟರೆ ಸವಕಳಿ 1.1 ಲಕ್ಷ. ಕಂದಾಯ, ಮೋಟಾರು, ಪ್ಲಂಬಿಂಗು, ಪೇಂಟು 1.2 ಲಕ್ಷ. ಒಟ್ಟು 7.25 ಲಕ್ಷ. ಮಿಕ್ಕಿದ್ದು 45,000. ಅಂದರೆ 1.2 ಕೋಟಿಯ ಜಾಗಕ್ಕೆ ವರ್ಷಕ್ಕೆ ನೂರಕ್ಕೆ 40 ಪೈಸೆಯೂ ಗಿಟ್ಟಲಿಲ್ಲ.

ಇಷ್ಟಾದರೂ ಜನ ಯಾಕೆ ಬಾಡಿಗೆ ಮನೆ ಕಟ್ಟಿಸುತ್ತಾರೆ? ಜಾಗದ ಬೆಲೆ ಏರುತ್ತದೆ ಅಂತ. ಆ ಏರಿಕೆಗೆ ಓನರ್ ಬೆವರು ಸುರಿಸಿಲ್ಲ. ಪಕ್ಕದಲ್ಲಿ ಮೆಟ್ರೋ ಬಂತು, ಕಾವೇರಿ ಪೈಪು ಬಂತು, ಆಫೀಸುಗಳು ಬಂದವು. ಅರ್ಧ ನಮ್ಮ ತೆರಿಗೆ ದುಡ್ಡು, ಇನ್ನರ್ಧ ಅಲ್ಲಿ ಬಂದು ದುಡಿಯುವವರ ದೆಸೆಯಿಂದ. (ಅರ್ಥಶಾಸ್ತ್ರದಲ್ಲಿ ‘ರೆಂಟ್’ ಅನ್ನುವುದು ಈ ಪುಕ್ಕಟೆ ಭಾಗಕ್ಕೆ. 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೊ ಬರೆದದ್ದು ಜಮೀನಿನ ಬಗ್ಗೆ, ನಾವು ಪ್ರತಿ ತಿಂಗಳು ಕೊಡುವ ಬಾಡಿಗೆಯ ಬಗ್ಗೆ ಅಲ್ಲ. ಚರ್ಚೆಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.) ಹಾಗೆ ನೋಡಿದರೆ ಮೂರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟವನಿಗಿಂತ, ಪಕ್ಕದ ಸೈಟಿಗೆ ಬೇಲಿ ಹಾಕಿ ಪಾರ್ಥೇನಿಯಂ ಬೆಳೆಸುತ್ತಿರುವವನೇ ನಿಜವಾಗಿ ಕೂತು ಉಣ್ಣುವವನು. ಆದರೆ ಕಂದಾಯದ ಪದ್ಧತಿ ಉಲ್ಟಾ: ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ದರ ಎರಡು ಪಟ್ಟು, ಖಾಲಿ ಸೈಟಿಗೆ ತೀರಾ ಕಡಿಮೆ.

ಬಾಡಿಗೆ ಮನೆಯ ದೊಡ್ಡ ಉಪಕಾರ ಜಾಗ ಬದಲಿಸುವ ಸ್ವಾತಂತ್ರ್ಯ. ಎರಡು ವರ್ಷಕ್ಕೆ ಊರು ಬಿಡುವವರು 80 ಲಕ್ಷದ ಫ್ಲ್ಯಾಟ್ ಕೊಂಡರೆ ಮುದ್ರಾಂಕ ಮತ್ತು ನೋಂದಣಿಗೇ 5 ಲಕ್ಷಕ್ಕೂ ಮೇಲೆ ಹೋಗುತ್ತದೆ, ಮಾರುವಾಗ ಅದು ವಾಪಸ್ ಬರುವುದಿಲ್ಲ.

ನೋಡಿಕೊಳ್ಳುವವನ ಕೆಲಸ ಕಾಣುವುದು ಸಂಪಿನಲ್ಲಿ. ತಲೆಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಜನರ ಮೂರು ಮನೆಗೆ 1,620 ಲೀಟರ್ ಬೇಕು. ನೀರು ದಿನ ಬಿಟ್ಟು ದಿನ ಬರುವ ಕಡೆ 4,000 ಲೀಟರಿನ ಸಂಪು ಎರಡು ದಿನಕ್ಕೆ ಸಾಕು, ಒಂದು ಸರದಿ ತಪ್ಪಿದರೆ ಮೂರನೆಯ ದಿನ ಟ್ಯಾಂಕರ್‌ಗೆ ಫೋನ್ ಮಾಡಬೇಕು. 8,000 ಲೀಟರಿನದಾದರೆ ಸುಧಾರಿಸಬಹುದು. 2024ರ ಬೇಸಿಗೆಯಲ್ಲಿ ಈ ವ್ಯತ್ಯಾಸ ಏನೆಂದು ನಗರಕ್ಕೆಲ್ಲ ಗೊತ್ತಾಯಿತು. ಕಟ್ಟುವಾಗಲೇ ದೊಡ್ಡ ಸಂಪು ತೋಡಿಸಿ, ಮನೆಗೊಂದು ಮೀಟರ್ ಹಾಕಿಸಿದ ಓನರ್ ಪಡೆಯುವ ಬಾಡಿಗೆ ಸಂಬಳವಿದ್ದ ಹಾಗೆ. ಅದು ಅವನ ನ್ಯಾಯವಾದ ಗಳಿಕೆ.

ಕೆಡುವುದು ಅಡ್ವಾನ್ಸ್‌ನಲ್ಲಿ. ಹತ್ತು ತಿಂಗಳ ಬಾಡಿಗೆ ಎಂದರೆ 2.2 ಲಕ್ಷ, ಎಫ್‌ಡಿಯಲ್ಲಿ ಶೇ 6.5ರಂತೆ ವರ್ಷಕ್ಕೆ 14,300 ಬರುತ್ತಿತ್ತು. ಅಂದರೆ 22,000ದ ಮನೆಯ ನಿಜವಾದ ಬಾಡಿಗೆ 23,200ರ ಹತ್ತಿರ. ಬಿಡುವಾಗ ‘ಪೇಂಟಿಂಗ್’ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಬಣ್ಣ ಹೊಡೆಸದೆಯೇ ಮುಂದಿನವರನ್ನು ಕೂರಿಸುವುದಂತೂ ಯಾವ ಸೇವೆಯೂ ಅಲ್ಲ. ಜಾತಿ, ಊಟ ಕೇಳಿ ಬಾಗಿಲು ಹಾಕುವುದೂ ಇದೇ ಗುಂಪಿಗೆ ಸೇರಿದ್ದು. ಮನೆ ಇದ್ದೂ ಅರ್ಧ ಊರಿಗೆ ಇಲ್ಲದಂತೆ.

ಕಾನೂನು ಇದೆಯಲ್ಲ ಅನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಕೊನೆಗೆ. ದೊಡ್ಡ ನಗರಗಳಲ್ಲಿ ಅದು ಅನ್ವಯಿಸುವುದು ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಯ ಮನೆಗಳಿಗೆ ಮಾತ್ರ. ಬೆಂಗಳೂರಿನಲ್ಲಿ ಆ ದರಕ್ಕೆ ಈಗ ಪಿಜಿಯಲ್ಲಿ ಒಂದು ಮಂಚವೂ ಕಷ್ಟ. ಅದಕ್ಕಿಂತ ಮೇಲಿನವರಿಗೆ ಉಳಿದದ್ದು ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು ಪತ್ರ. 11 ತಿಂಗಳ ಕರಾರು ಯಾಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. 2021ರ ಕೇಂದ್ರದ ಮಾದರಿ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಆದರೆ ಅದು ಬರೀ ಮಾದರಿ, ರಾಜ್ಯ ತನ್ನದೇ ಕಾನೂನು ಮಾಡದೆ ಲಾಗೂ ಆಗದು.

ಓನರ್ ಕಡೆಯ ಭಯವೂ ಸುಳ್ಳಲ್ಲ. ಬಾಡಿಗೆದಾರ ಮನೆ ಬಿಡದಿದ್ದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದಾಟ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಸಿಕ್ಕಿದ್ದಕ್ಕೆ ಈ ಭಯವೂ ಒಂದು ಕಾರಣ. ಬೀಗ ಹಾಕಿದ ಮನೆಯಿಂದ ಯಾರಿಗೂ ಏನೂ ಇಲ್ಲ. ಹಾಗಾಗಿ ಬಾಡಿಗೆಗೆ ಮಿತಿ ಹಾಕುವುದಕ್ಕಿಂತ ಅಡ್ವಾನ್ಸ್‌ಗೆ ಮಿತಿ, ತಕರಾರು ಕೆಲವೇ ತಿಂಗಳಲ್ಲಿ ಮುಗಿಯುವ ವ್ಯವಸ್ಥೆ, ಖಾಲಿ ಸೈಟಿಗೆ ಬಿಗಿ ಕಂದಾಯ, ಈ ಮೂರನ್ನು ನಾನು ಕೇಳುತ್ತೇನೆ. ಅಲ್ಲಿಯವರೆಗೆ ಕರಾರಿನಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಪೇಂಟಿಂಗ್ ಹಣ ಬಿಲ್ ತೋರಿಸಿದರೆ ಮಾತ್ರ, ಉಳಿದ ಅಡ್ವಾನ್ಸ್ ಬೀಗದ ಕೈ ಕೊಟ್ಟ ದಿನವೇ.