ಹಳೆಯ ಸರ್ವರ್‌ನಲ್ಲಿ ಡಿಸ್ಕ್ ಏಕಾಏಕಿ ನಿಧಾನವಾಗಿದೆ, ಎಲ್ಲಿಂದ ಹುಡುಕಲಿ?

ವಿಜಯಪುರದ ನಿಮ್ಮ ಪತ್ತಿನ ಸಹಕಾರ ಸಂಘದ ಸರ್ವರ್‌ನಲ್ಲಿ ಓದುವುದು ಸರಾಗ, ಬರೆಯುವುದು ಮಾತ್ರ ಆಮೆಗತಿ ಎಂದಿದ್ದೀರಿ. ನಾಲ್ಕು ಡಿಸ್ಕ್‌ಗಳ ರೇಯ್ಡ್ 5 (ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಜೋಡಣೆ) ಎಂದೂ ತಿಳಿಸಿದ್ದೀರಿ. ಯಾವುದಕ್ಕೂ ಕೈ ಹಾಕುವ ಮೊದಲು ಬ್ಯಾಕಪ್ ತೆಗೆದು, ಅದು ಬೇರೆ ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ. ಅದರಲ್ಲಿರುವುದು ಜನರ ಉಳಿತಾಯದ ಲೆಕ್ಕ.

ನನ್ನ ಮೊದಲ ಅನುಮಾನ ಈ ಡಿಸ್ಕ್‌ಗಳನ್ನು ನಡೆಸುವ ರೇಯ್ಡ್ ಕಾರ್ಡಿನ ಬ್ಯಾಟರಿಯ ಮೇಲೆ. ಅದು ಚೆನ್ನಾಗಿದ್ದಾಗ ಕಾರ್ಡು ಮಾಹಿತಿಯನ್ನು ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಇಟ್ಟುಕೊಂಡು ‘ಬರೆದಾಯಿತು’ ಎಂದು ತಕ್ಷಣ ಉತ್ತರಿಸುತ್ತದೆ. ಡಿಸ್ಕಿಗೆ ಆಮೇಲೆ ಇಳಿಸುತ್ತದೆ. ಇದೇ ರೈಟ್‌ಬ್ಯಾಕ್. ಬ್ಯಾಟರಿ ಸತ್ತರೆ, ಕರೆಂಟ್ ಹೋದಾಗ ಮಾಹಿತಿ ಕಳೆಯಬಾರದೆಂದು ಹೆಚ್ಚಿನ ಕಾರ್ಡುಗಳು ತಾವಾಗಿಯೇ ರೈಟ್‌ಬ್ಯಾಕ್ ಬಿಟ್ಟು ರೈಟ್‌ಥ್ರೂಗೆ, ಅಂದರೆ ಡಿಸ್ಕಿಗೆ ಬರೆದ ಮೇಲೆಯೇ ಉತ್ತರಿಸುವ ಕ್ರಮಕ್ಕೆ, ಬದಲಾಗುತ್ತವೆ. ಆಗ ರೇಯ್ಡ್ 5ರ ನಿಜವಾದ ಭಾರ ಬಯಲಾಗುತ್ತದೆ: ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಅಲ್ಲಲ್ಲಿ ಚದುರಿದ ಇಂಥ ಕೆಲಸಗಳನ್ನು ಸೆಕೆಂಡಿಗೆ ಮಾಡಬಲ್ಲದ್ದೇ ಸುಮಾರು 80ರಿಂದ 100. ನಮ್ಮ ಕಡೆಯ ಬೇಸಿಗೆಯ ಕಾವಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಕಾರ್ಡಿನ ನಿರ್ವಹಣಾ ತಂತ್ರಾಂಶದಲ್ಲಿ ಅದರ ಸ್ಥಿತಿ ಕಾಣುತ್ತದೆ. ದಯವಿಟ್ಟು ಬ್ಯಾಟರಿ ಬದಲಿಸದೆ ರೈಟ್‌ಬ್ಯಾಕ್ ಅನ್ನು ಬಲವಂತವಾಗಿ ಚಾಲೂ ಮಾಡಬೇಡಿ.

ಬ್ಯಾಟರಿ ಸರಿಯಿದ್ದರೆ ಪ್ರತಿ ಡಿಸ್ಕಿನ ಸ್ಮಾರ್ಟ್ ವರದಿ (ತನ್ನ ಆರೋಗ್ಯದ ಬಗ್ಗೆ ಡಿಸ್ಕು ತಾನೇ ಕೊಡುವ ವರದಿ) ಓದಿ. ‘ಪೆಂಡಿಂಗ್ ಸೆಕ್ಟರ್’ (ಓದಲು ತೊಡಕಾಗಿರುವ ಜಾಗ) ಎಣಿಕೆ ಏರುತ್ತಿರುವ ಒಂದೇ ಡಿಸ್ಕು ಉಳಿದ ಮೂರೂ ಕಾಯುವಂತೆ ಮಾಡುತ್ತದೆ. ಅದನ್ನು ಬದಲಿಸಿದ ಮೇಲೆ ರೀಬಿಲ್ಡ್ (ಹೊಸ ಡಿಸ್ಕಿಗೆ ಮಾಹಿತಿ ಮರಳಿ ತುಂಬುವ ಕೆಲಸ) ಮುಗಿಯುವವರೆಗೆ ವೇಗ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದ ಆ ಕೆಲಸವನ್ನು ಶನಿವಾರ ಸಂಜೆ ವ್ಯವಹಾರ ಮುಗಿದ ನಂತರ ಶುರು ಮಾಡಿ.