ಬೆಳಗಿನ ಜಾವ ಇಳಿದು ಬರುವ ಚಾವಣಿ

ಪ್ರಶ್ನೆ: ಹಳೇ ಟೆಂಪೋ ಟ್ರಾವೆಲರ್ ಕೊಂಡು ಕ್ಯಾಂಪರ್ ವ್ಯಾನ್ ಮಾಡಿಸಿದ್ದೇವೆ ಸರ್. ಚಾವಣಿಯ ಹಿಂಭಾಗ ಮೇಲೆದ್ದು ನಿಲ್ಲುವಂಥ ಪಾಪ್-ಟಾಪ್ ಇದೆ. ಮೊನ್ನೆ ಸಾಣಾಪುರ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಮಲಗಿದ್ದೆವು. ಬೆಳಗಿನ ಜಾವ ಚಾವಣಿ ನಿಧಾನಕ್ಕೆ ಇಳಿದು, ಮೇಲೆ ಮಲಗಿದ್ದ ಮಗಳ ಮೊಣಕಾಲಿಗೆ ತಾಗಿತು. ಮಧ್ಯಾಹ್ನ ಎತ್ತಿದರೆ ಸರಿಯಾಗಿ ನಿಲ್ಲುತ್ತದೆ. ಈಚೆಗೆ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ್ದೇವೆ. ಚಾವಣಿಯನ್ನು ತಳ್ಳಿ ಹಿಡಿಯುವ ಗ್ಯಾಸ್ ಕೊಳವೆ ಇದೆಯಲ್ಲ, ಆ ಸ್ಟ್ರಟ್‌ಗೆ ಗ್ಯಾಸ್ ತುಂಬಿಸಬಹುದಾ? ಇಲ್ಲಾ ಇನ್ನೂ ಗಟ್ಟಿಯದು ಹಾಕಿಸಲಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮೊದಲು ಒಂದು ಮಾತು. ಇದು ರಿಪೇರಿ ಆಗೋವರೆಗೆ ಎರಡೂ ಕಡೆ ಗಟ್ಟಿ ಮರದ ಊರೆ ಕೊಡದೆ ಮಗುವನ್ನು ಮೇಲೆ ಮಲಗಿಸಬೇಡಿ.

ಮಧ್ಯಾಹ್ನ ನಿಂತು ಬೆಳಗಿನ ಜಾವ ಇಳಿಯುತ್ತದೆ ಅಂದಿರಲ್ಲ, ಕಾರಣ ಅಲ್ಲೇ ಇದೆ. ಸ್ಟ್ರಟ್ ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್. ಕಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ನಿಮ್ಮ ಕಡೆಯ ಬಿಸಿಲಿಗೆ ಕಾದು 45 ಡಿಗ್ರಿ ಆದ ಸ್ಟ್ರಟ್, ಬೆಳಗ್ಗೆ 18 ಡಿಗ್ರಿಗೆ ಬಂದರೆ ನೂರಕ್ಕೆ ಸುಮಾರು 8ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಸ್ಟ್ರಟ್ ಚೆನ್ನಾಗಿದ್ದರೆ ಇಷ್ಟು ಇಳಿದರೂ ಗೊತ್ತಾಗುವುದಿಲ್ಲ. ನಿಮ್ಮದು ಕಟ್ಟಕಡೆಯ ಅಂಚಿನಲ್ಲಿದೆ.

ಹಾಗಾದರೆ ಸ್ಟ್ರಟ್ ಸೋತಿದೆಯಾ, ಪ್ಯಾನೆಲ್ ಭಾರ ಜಾಸ್ತಿಯಾಯಿತಾ? ಪ್ಯಾನೆಲ್ ಬಿಚ್ಚಿ ಒಂದು ರಾತ್ರಿ ಚಾವಣಿ ಎತ್ತಿ ಬಿಡಿ, ಕೆಳಗೆ ಯಾರೂ ಮಲಗಬೇಡಿ. ಆಗಲೂ ಇಳಿದರೆ ಸ್ಟ್ರಟ್ ಹೋಗಿದೆ. ರಾಡ್ ಕೊಳವೆಯೊಳಗೆ ಹೋಗುವ ಬಾಯಲ್ಲಿ ಎಣ್ಣೆ ಜಿನುಗಿದ್ದರಂತೂ ಸೀಲ್ ಹೋಗಿರುವುದು ಖಂಡಿತ. ಇಳಿಯದಿದ್ದರೆ ಪ್ಯಾನೆಲ್ಲೇ ಕಾರಣ. ಅದು ಹಿಂಜಸ್‌ನಿಂದ ದೂರವಿದ್ದು, ಸ್ಟ್ರಟ್ ಹಿಂಜಸ್‌ಗೆ ಹತ್ತಿರ ಇದ್ದರೆ 10 ಕಿಲೋ ಪ್ಯಾನೆಲ್ಲಿಗೆ 20 ಕಿಲೋಗಿಂತ ಜಾಸ್ತಿ ಬಲ ಬೇಕಾದೀತು. ಪ್ಯಾನೆಲ್ಲನ್ನು ಹಿಂಜಸ್ ಕಡೆ ಸರಿಸಿದರೇ ಎಷ್ಟೋ ಹಗುರಾಗುತ್ತದೆ.

ಗ್ಯಾಸ್ ತುಂಬಿಸುವ ಯೋಚನೆ ಬಿಡಿ. ಟೈರಿಗಿಂತ ಎಷ್ಟೋ ಪಟ್ಟು ಒತ್ತಡ ಅದರೊಳಗಿರುತ್ತದೆ, ಕೊಳವೆಗೆ ತೂತು ಹಾಕುವುದು, ವೆಲ್ಡಿಂಗ್ ಮಾಡುವುದು ಜೀವಕ್ಕೇ ಅಪಾಯ. ಸ್ಟ್ರಟ್ ಸೋತಿದ್ದರೆ ಸುಮ್ನೆ ಜೋಡಿ ಬದಲಿಸಿ, ಒಂದನ್ನೇ ಬದಲಿಸಿದರೆ ಚಾವಣಿ ಓರೆಯಾಗಿ ಏರಿ ಹಿಂಜಸ್ ತಿರುಚುತ್ತದೆ. ಕೊಳವೆ ಮೇಲೆ 600 ಎನ್ ಅಂತೆಲ್ಲ ಅಚ್ಚಾಗಿರುತ್ತದೆ, ಅದು ನ್ಯೂಟನ್, ಅಂದರೆ ಸುಮಾರು 60 ಕಿಲೋ ತಳ್ಳುವ ಬಲ. ಆ ಅಂಕಿ, ಪೂರ್ತಿ ಬಿಚ್ಚಿದಾಗಿನ ಉದ್ದ, ತುದಿಯ ಗುಂಡಿನ ಅಳತೆ, ಮೂರನ್ನೂ ಬರೆದುಕೊಂಡೇ ಅಂಗಡಿಗೆ ಹೋಗಿ. ತೀರಾ ಗಟ್ಟಿಯದು ತಂದರೆ ಮುಚ್ಚುವಾಗ ಕೈ ಸೋಲುತ್ತದೆ, ಲಾಕ್ ಮೇಲೂ ಹೊರೆ ಬಿದ್ದು ಚಾವಣಿಯ ಫೈಬರ್ ಬಿರುಕು ಬಿಡುತ್ತದೆ.

ಹಾಕುವಾಗ ಚಾವಣಿ ಪೂರ್ತಿ ಎತ್ತಿ, ಎರಡೂ ಕಡೆ ಊರೆ ಕೊಟ್ಟು, ಒಂದೊಂದೇ ಬಿಚ್ಚಿ. ಗುಂಡಿನ ಕ್ಲಿಪ್ಪನ್ನು ಸಣ್ಣ ಸ್ಕ್ರೂ ಡ್ರೈವರ್‌ನಿಂದ ಎಬ್ಬಿಸಿದರೆ ಸಾಕು. ಹೊಸದನ್ನು ಹಾಕುವಾಗ ದಪ್ಪ ಕೊಳವೆ ಮೇಲೆ, ಸಣ್ಣ ರಾಡ್ ಕೆಳಗೆ ಇರಲಿ, ಒಳಗಿನ ಎಣ್ಣೆ ಸೀಲ್ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ರಾಡ್‌ಗೆ ಗ್ರೀಸ್ ಮಾತ್ರ ಬೇಡ, ನಮ್ಮ ಕೆಂಪು ಧೂಳು ಅದಕ್ಕೆ ಅಂಟಿ ಉಪ್ಪುಕಾಗದದ ಹಾಗೆ ಸೀಲ್ ಉಜ್ಜುತ್ತದೆ. ಒಣಬಟ್ಟೆಯಲ್ಲಿ ಒರೆಸಿ.

ಎಲ್ಲ ಆದ ಮೇಲೆ ಪ್ಯಾನೆಲ್ ಸಮೇತ ಮತ್ತೊಂದು ರಾತ್ರಿ ಖಾಲಿ ಎತ್ತಿಟ್ಟು, ಐದು ಗಂಟೆಗೆ ಎದ್ದು ನೋಡಿ. ಚಾವಣಿ ಅಲ್ಲಾಡದೆ ನಿಂತಿದ್ದರೆ ಮಗಳನ್ನು ಮತ್ತೆ ಮೇಲೆ ಮಲಗಿಸಬಹುದು.