ಒಂದು ದಿನದ ಟೀಚರ್‌ಗೆ ಸೀರೆ

ಪ್ರಶ್ನೆ: ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆ ಹತ್ತನೇ ತರಗತಿಯ ಮಗಳು ಟೀಚರ್ ವೇಷದಲ್ಲಿ ಕಿರಿಯರಿಗೆ ಪಾಠ ಮಾಡಬೇಕಂತೆ. ಸೀರೆ ಉಟ್ಟು ಅಭ್ಯಾಸವಿಲ್ಲ. ಜಾರದಂತೆ ಉಡಿಸುವುದು ಹೇಗೆ?

ಉತ್ತರ: ರೇಷ್ಮೆ, ಜಾರ್ಜೆಟ್ ಎರಡೂ ಬೇಡ. ನಾಲ್ಕೈದು ಸಲ ಒಗೆದು ಮೆತ್ತಗಾದ ಹತ್ತಿ ಸೀರೆ ಮೈಗೆ ಕೂರುತ್ತದೆ. ಹೊಸದಾದರೆ ಗಂಜಿಯಿಂದ ಉಬ್ಬಿ ನಿಲ್ಲುತ್ತದೆ. ನೆರಿಗೆ ಕಳಚಿದರೆ ಎಲ್ಲರೂ ಸೀರೆಯನ್ನು ದೂರುತ್ತಾರೆ, ಆದರೆ ತಪ್ಪು ಹೆಚ್ಚಾಗಿ ಲಂಗದ್ದು. ಎಲಾಸ್ಟಿಕ್ ಲಂಗ ಭಾರಕ್ಕೆ ಕೆಳಗಿಳಿಯುತ್ತದೆ. ಲಾಡಿಯ ಲಂಗವನ್ನೇ ಹೊಕ್ಕುಳ ಮಟ್ಟಕ್ಕೆ ಬಿಗಿಯಾಗಿ ಕಟ್ಟಿ. ಅಂದು ಹಾಕುವ ಚಪ್ಪಲಿ ಮೆಟ್ಟಿಸಿಯೇ ಉಡಿಸಿ, ಅಂಚು ನೆಲದಿಂದ ಒಂದಿಂಚು ಮೇಲಿರಲಿ. ಅಂಚು ನೆಲಕ್ಕೆ ತಾಗಿದರೆ ಮೆಟ್ಟಿಲಲ್ಲಿ ಎಡವುತ್ತಾಳೆ. ಆರೇಳು ನೆರಿಗೆ ಸಾಕು. ಅವನ್ನು ಲಂಗಕ್ಕೆ ಸೇರಿಸಿ ಒಂದು ಪಿನ್, ಭುಜದಲ್ಲಿ ಇನ್ನೊಂದು. ಭುಜದ ಪಿನ್ ಚುಚ್ಚುವ ಮೊದಲು ಬೋರ್ಡಿನ ಮೇಲೆ ಬರೆಯುವಂತೆ ಕೈ ಎತ್ತಿಸಿ ನೋಡಿ, ಇಲ್ಲದಿದ್ದರೆ ರವಿಕೆ ಹರಿಯುತ್ತದೆ. ಹಿಂದಿನ ದಿನ ಮನೆಯಲ್ಲಿ ಅರ್ಧ ಗಂಟೆ ಓಡಾಡಲಿ.

ತನ್ನ ಟೀಚರನ್ನೇ ಅನುಕರಿಸುವುದಾದರೆ ಕನ್ನಡಕ, ಹಾಜರಿ ಪುಸ್ತಕ, ಜಡೆಯ ಹೂವು ಸಾಲದೇ? ಉಗ್ಗು, ಕುಂಟು, ಮೈಕಟ್ಟನ್ನು ಖಂಡಿತ ಅಣಕಿಸಬಾರದು.